ಚಂದಾ ಇಲ್ಲದ ಪೆಟ್ಟಿಗೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6:40

ಪೆಟ್ಟಿಗೆಯ ಗಡಿಯಾರ ಈ ವಾರ ನಲವತ್ತೊಂದು ಸೆಕೆಂಡು ಹಿಂದೆ. ಹೋದ ವಾರ ನಲವತ್ತು. ಅದರ ಹಿಂದಿನ ವಾರ ನಲವತ್ತೊಂದು. ತಪ್ಪು ಮಾಡಿದರೂ ಪ್ರತಿ ಸಲ ಒಂದೇ ಥರ ಮಾಡುತ್ತದೆ. ಅಂಥದ್ದನ್ನು ನಂಬಬಹುದು.

ಸರಿ ಮಾಡಿದೆ. ನೋಟ್‌ಬುಕ್ಕಿನಲ್ಲಿ ಬರೆದೆ. ಅಂಗಡಿಗೆ ರಿಪೇರಿಗೆ ಬಂದ ಕೈಗಡಿಯಾರಗಳಿಗೂ ಹೀಗೇ. ದಿನಕ್ಕೆ ಎಷ್ಟು ಹಿಂದೆ, ಎಷ್ಟು ಮುಂದೆ — ಒಂದು ವಾರ ಬರೆದಿಡದೆ ಗಿರಾಕಿಯ ಕೈಗೆ ಕೊಟ್ಟವಳಲ್ಲ. ಅಪ್ಪ ಕಲಿಸಿದ್ದು.

ಪೆಟ್ಟಿಗೆ ಬಂದದ್ದೂ ಅಂಗಡಿಗೇ. ಮನೆ ಖಾಲಿ ಮಾಡುತ್ತಿದ್ದ ಗಿರಾಕಿಯೊಬ್ಬರು ತಂದು ಮೇಜಿನ ಮೇಲಿಟ್ಟು, "ಟಿವಿ ರೆಕಾರ್ಡ್ ಮಾಡೋ ಡಬ್ಬ ಮೇಡಂ. ಚಂದಾ ಕಟ್ಟೋದು ನಿಲ್ಲಿಸ್ದೆ, ಇನ್ನು ಇದು ಕಲ್ಲು. ಬಿಚ್ಚಿ ಸ್ಕ್ರೂಗಿಕ್ರೂ ತಗೊಳ್ಳಿ" ಎಂದರು. ಕಲ್ಲಂತೆ. ಕಲ್ಲಿನೊಳಗೆ ಫ್ಯಾನ್ ತಿರುಗುತ್ತದಾ? ಮನೆಗೆ ತಂದು ಸಿಕ್ಕಿಸಿದೆ. ಹೊತ್ತಿಕೊಂಡಿತು. ಆರು ತಿಂಗಳಾಯಿತು.

ಚಂದಾ ಕಟ್ಟಿದವರಿಗೆ ಕಾರ್ಯಕ್ರಮಗಳ ಪಟ್ಟಿ ತಾನಾಗಿ ಬರುತ್ತದಂತೆ, ಹೆಸರು ಒತ್ತಿದರೆ ತಾನಾಗಿ ರೆಕಾರ್ಡ್ ಆಗುತ್ತದಂತೆ, ಗಡಿಯಾರ ತಾನಾಗಿ ಸರಿಹೋಗುತ್ತದಂತೆ. ಕಟ್ಟದವಳು ನಾನು. ಚಾನೆಲ್ ನಂಬರು, ಶುರುವಾಗುವ ಹೊತ್ತು, ಎಷ್ಟು ಹೊತ್ತು — ಮೂರನ್ನೂ ಕೈಯಿಂದ ಹಾಕುತ್ತೇನೆ. ವಾರಕ್ಕೊಮ್ಮೆ ಟೈಮು ತಿದ್ದುತ್ತೇನೆ. ಆನ್ ಮಾಡಿದಾಗಲೆಲ್ಲ ಒಂದು ನೀಲಿ ಪರದೆ ಬಂದು "ನಿಮ್ಮ ಸೇವೆ ಸಕ್ರಿಯವಾಗಿಲ್ಲ" ಎಂದು ಗೋಳಾಡುತ್ತದೆ. ರಿಮೋಟಿನ ಕೆಳಗಿನ ಬಾಣ, ಓಕೆ. ಇನ್ನೊಮ್ಮೆ ಕೆಳಗಿನ ಬಾಣ, ಓಕೆ. ಗೋಳು ಮುಗಿಯಿತು.

ಹಾಲು ಉಕ್ಕುತ್ತಿದೆ...

ಫೆಬ್ರವರಿ 5, ಬುಧವಾರ. ಅಂಗಡಿ, ಮಧ್ಯಾಹ್ನ

ಮತ್ತೆ ಪೆಟ್ಟಿಗೆ ಕಂಪನಿಯ ಹುಡುಗಿಯ ಫೋನು. ಹಿಂದೊಮ್ಮೆ ಬೇರೆ ರಿಮೋಟ್ ಸಿಗುತ್ತದಾ ಎಂದು ಕೇಳಿದ್ದೇ ತಪ್ಪಾಯಿತು. ಅಂದಿನಿಂದ ಬೆನ್ನು ಬಿದ್ದಿದ್ದಾರೆ.

"ಮೇಡಂ, ಸಬ್‌ಸ್ಕ್ರಿಪ್ಷನ್ ಇಲ್ದೆ ನಿಮ್ಮ ಬಾಕ್ಸ್ ರೆಕಾರ್ಡ್ ಮಾಡಲ್ಲ."

"ನಿನ್ನೆ ಸಂಜೆ ಮಾಡ್ತಲ್ಲಮ್ಮ."

"ಇಲ್ಲ ಮೇಡಂ, ನಮ್ಮ ಸಿಸ್ಟಂ ಪ್ರಕಾರ ಅದು ಮಾಡಲ್ಲ."

"ಸರಿ ಬಿಡು. ಮನೆಗೆ ಹೋಗಿ ಅದಕ್ಕೆ ಹೇಳ್ತೀನಿ, ನೀನು ಮಾಡೋ ಹಾಗಿಲ್ವಂತೆ ಅಂತ."

ಪಾಪ, ನಕ್ಕುಬಿಟ್ಟಳು. ತಕ್ಷಣ ಗಂಟಲು ಸರಿಮಾಡಿಕೊಂಡು ಆಫರ್ ಓದತೊಡಗಿದಳು. ನನ್ನ ಕೈಯಲ್ಲಿ ಚಿಮಟ, ಚಿಮಟದ ತುದಿಯಲ್ಲಿ ಕೂದಲೆಳೆಯಷ್ಟು ಸ್ಪ್ರಿಂಗು, ಫೋನು ಕಿವಿಗೂ ಭುಜಕ್ಕೂ ಮಧ್ಯೆ. ಇಟ್ಟೆ.

ಫೆಬ್ರವರಿ 8, ಶನಿವಾರ. ಸಂಜೆ

ಪೀಪಿ ಬಂದಿದ್ದಳು. ನನ್ನ ತಂಗಿ. ನಾಲ್ಕು ವರ್ಷದವಳಿದ್ದಾಗ ಯಾರೋ ಕೊಡಿಸಿದ ಪೀಪಿ ಊದಿ ಊದಿ ಇಡೀ ಬೀದಿಯ ತಲೆ ತಿಂದದ್ದಕ್ಕೆ ಬಂದ ಹೆಸರು. ಈಗ ಆ ಚಾಳಿಗೆ ಸರ್ಟಿಫಿಕೇಟೂ ಇದೆ — ಶಾಲೆಯಲ್ಲಿ ಪಿ.ಟಿ. ಟೀಚರು, ರಜೆ ಸಿಕ್ಕಾಗ ವಾಲಿಬಾಲ್ ರೆಫರಿ. ಹನ್ನೊಂದು ವರ್ಷದಿಂದ.

ನಾಳೆ ಮಹಿಳಾ ಲೀಗ್ ಸೆಮಿಫೈನಲ್. ಇವಳೇ ಮುಖ್ಯ ರೆಫರಿ. ನೆಟ್ಟಿನ ಪಕ್ಕ ಎತ್ತರದ ಸ್ಟ್ಯಾಂಡ್ ಹತ್ತಿ ನಿಂತು ಎಲ್ಲದಕ್ಕೂ ಕೊನೆಯ ಮಾತು ಹೇಳುವವಳು. ಮೊದಲ ಸಲ ಟಿವಿಯಲ್ಲಿ! ನಮ್ಮ ಕೇಬಲ್‌ನವರ ಲೋಕಲ್ ಚಾನೆಲ್, ನಾಲ್ಕು ಗಂಟೆಗೆ, ಲೈವ್. ಹೋದರೆ ಹೋಯಿತು. ಅವರು ಮತ್ತೆ ಹಾಕುವುದಿಲ್ಲ, ಮೊಬೈಲಿಗೂ ಏರಿಸುವುದಿಲ್ಲ, ಕಾಪಿಯನ್ನೂ ಇಟ್ಟುಕೊಳ್ಳುವುದಿಲ್ಲ.

ಭಾನುವಾರ ಅಂಗಡಿ ಮುಚ್ಚಲಾರೆ. ನಮ್ಮನೆಯವರಿಗೆ ವ್ಯಾನ್ ಡ್ಯೂಟಿ. ಮಾವನವರು ಮನೆಯಲ್ಲಿರುತ್ತಾರೆ, ಆದರೆ ಊಟವಾಗಿ ಮಲಗಿದರೆ ಮನೆ ಹೊತ್ತುಕೊಂಡು ಹೋದರೂ ಎಚ್ಚರವಿಲ್ಲ. ಇರಲಿ. ಪೆಟ್ಟಿಗೆ ಇದೆಯಲ್ಲ. ಚಾನೆಲ್ ನಾಲ್ಕು, ನಾಲ್ಕು ಗಂಟೆ, ಎರಡು ತಾಸು.

ಫೆಬ್ರವರಿ 9, ಭಾನುವಾರ. ರಾತ್ರಿ 8

ಮೈಯೆಲ್ಲ ಉರಿಯುತ್ತಿದೆ.

ಪ್ಲೇ ಒತ್ತಿದರೆ ಮೊದಲು ಹತ್ತು ನಿಮಿಷ ಹಾಸಿಗೆ ಜಾಹೀರಾತು. ಆಮೇಲೆ ಪಂದ್ಯ. ಪೀಪಿ ಎಷ್ಟು ಚೆನ್ನಾಗಿ ನಿಂತಿದ್ದಳು! ಐದನೇ ಸೆಟ್, ಹನ್ನೊಂದು–ಹತ್ತು — ಪರದೆ ಕಪ್ಪು. ರೆಕಾರ್ಡಿಂಗ್ ಮುಗಿದಿದೆ. ಕೊನೆಯ ಏಳು ನಿಮಿಷ ಇಲ್ಲ.

ಪೆಟ್ಟಿಗೆಯ ಟೈಮು ನೋಡಿದೆ. ಹತ್ತು ನಿಮಿಷ ಮುಂದೆ.

ಇಲ್ಲೊಂದು ನಾಚಿಕೆಗೇಡಿನ ಸಂಗತಿ ಬರೆಯಬೇಕು. ಗಡಿಯಾರ ರಿಪೇರಿ ಮಾಡುವವಳ ಮನೆಯಲ್ಲಿ ಒಂದು ಗಡಿಯಾರವೂ ಸರಿ ಟೈಮು ತೋರಿಸುವುದಿಲ್ಲ. ಮಾವ ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳ ಟೈಮು ಬರೆದುಕೊಳ್ಳುವ ಕೆಲಸ ಮಾಡಿದವರು. ಒಂದು ದಿನವೂ ಲೇಟಾಗಬಾರದೆಂದು ಮನೆಯ ಗಡಿಯಾರಗಳನ್ನೆಲ್ಲ ಹತ್ತು ನಿಮಿಷ ಮುಂದಿಟ್ಟರು. ರಿಟೈರ್ ಆಗಿ ಒಂಬತ್ತು ವರ್ಷವಾದರೂ ಮನೆ ಟೈಮು ಹಾಗೇ ಇದೆ. ನಾವೆಲ್ಲ ನೋಡಿ, ಹತ್ತು ಕಳೆದು, ಬದುಕುತ್ತೇವೆ.

"ಮಾವ, ಪೆಟ್ಟಿಗೆ ಗಡಿಯಾರ ಮುಟ್ಟಿದ್ರಾ?"

"ಹೂಂನಮ್ಮ. ಹತ್ತು ನಿಮಿಷ ಹಿಂದೆ ಓಡ್ತಿತ್ತು. ನೀನು ಸೋಮವಾರ ಮಾಡ್ತೀಯಲ್ಲ, ನೋಡ್ಕೊಂಡಿದ್ದೆ. ಸರಿ ಮಾಡ್ದೆ."

"ಹಿಂದೆ ಇರ್ಲಿಲ್ಲ ಮಾವ. ಈ ಮನೇಲಿ ಸರಿ ಇದ್ದದ್ದು ಅದೊಂದೇ."

"ಅಡುಗೆಮನೇದು, ಹಾಲ್‌ದು, ನನ್ನ ಕೈದು — ಮೂರೂ ಒಂದು ಹೇಳ್ತಿವೆ, ಇದೊಂದು ಬೇರೆ ಹೇಳ್ತಿದೆ. ಯಾವುದನ್ನ ನಂಬ್ಬೇಕು ನಾನು?"

ಹೋಗಿ ಪಾತ್ರೆ ತೊಳೆದೆ. ಸದ್ದು ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು.

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ

ಟೈಮು ತಿದ್ದಿದೆ. ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದೆ: "ಇದು ಹೊರಗಿನ ಟೈಮು. ಮುಟ್ಟಬಾರದು." ಮಾವ ಕನ್ನಡಕ ಹಾಕಿಕೊಂಡು ಓದಿ, ಕೆಳಗೆ "ನೋಡಿದೆ" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದರು. ಡ್ಯೂಟಿಯಲ್ಲಿದ್ದಾಗ ಆರ್ಡರ್ ಬಂದರೆ ಹೀಗೇ ಮಾಡುತ್ತಿದ್ದರಂತೆ. ನಗು ತಡೆಯಲಾಗಲಿಲ್ಲ. ರಾಜಿ.

ಮಾವನಿಗೆ ರೆಕಾರ್ಡ್ ಮಾಡುವುದನ್ನೂ ಕಲಿಸಿದೆ. ದಿನಾ ಮಧ್ಯಾಹ್ನ ಮೂರಕ್ಕೆ ಒಂದು ಪತ್ತೇದಾರಿ ಧಾರಾವಾಹಿ ಬರುತ್ತದೆ, ನಿದ್ದೆಯ ಹೊತ್ತಿಗೇ. ಆರು ತಿಂಗಳಿಂದ ಕೊಲೆಗಾರ ಯಾರೆಂದು ಅವರಿಗೆ ಗೊತ್ತಾಗಿಲ್ಲ. ಒಂದೇ ನಿಯಮ ಹೇಳಿದೆ — ನೋಡಿದ್ದನ್ನು ಆಗಿಂದಾಗಲೇ ಅಳಿಸಬೇಕು. ಹೇಗೆಂದು ಕೊನೆಯಿಲ್ಲದ ಸೆಮಿಫೈನಲ್ಲನ್ನೇ ಅಳಿಸಿ ತೋರಿಸಿದೆ. ಜಾಗ ತುಂಬಿದರೆ ಪೆಟ್ಟಿಗೆ ಯಾರನ್ನೂ ಕೇಳದೆ ಎಲ್ಲಕ್ಕಿಂತ ಹಳೆಯದನ್ನು ನುಂಗುತ್ತದೆ.

ಫೆಬ್ರವರಿ 16, ಭಾನುವಾರ. ಬೆಳಿಗ್ಗೆ 7

ಇವತ್ತು ಫೈನಲ್. ಪೀಪಿಯೇ ರೆಫರಿ. ಪಂದ್ಯ ನಾಲ್ಕಕ್ಕೆ, ಪೆಟ್ಟಿಗೆಗೆ 3:50ರಿಂದ ನಾಲ್ಕು ತಾಸು ಹಾಕಿದ್ದೇನೆ. ಇಷ್ಟು ವರ್ಷ ಅಕ್ಕನಾಗಿದ್ದೂ ಮೊನ್ನೆ ಹೊಳೆದದ್ದು, ವಾಲಿಬಾಲಿಗೆ ಗಡಿಯಾರವೇ ಇಲ್ಲ. ಮುಗಿದಾಗ ಮುಗಿಯುತ್ತದೆ.

ಅದೇ ದಿನ. ರಾತ್ರಿ 8:10

ಬಂತು! ಪೂರ್ತಿ ಬಂತು! ಮೊದಲ ಸೀಟಿಯಿಂದ ಕಪ್ ಎತ್ತುವವರೆಗೆ, ಆಮೇಲೆ ಖಾಲಿ ಅಂಗಳ ಗುಡಿಸುವವರೆಗೆ. ಕಂಪನಿಯ ಹುಡುಗಿಗೆ ಫೋನ್ ಮಾಡಿ ಹೇಳಬೇಕೆನಿಸಿತು.

ಮೂವರೂ ಕೂತು ಕೊನೆಯ ಸೆಟ್ ನೋಡಿದೆವು. ಹದಿನಾಲ್ಕು–ಹದಿಮೂರು. ಮುಂದಿದ್ದ ತಂಡದವಳು ಎಗರಿ ಹೊಡೆದಳು. ಎದುರು ತಂಡದ ಎತ್ತರದ ಹುಡುಗಿ ಎರಡೂ ಕೈಯೆತ್ತಿ ಬ್ಲಾಕ್‌ಗೆ ಹಾರಿದಳು. ಚೆಂಡು ಅವಳನ್ನು ದಾಟಿ, ಗೆರೆಯನ್ನೂ ದಾಟಿ, ಹೊರಗೆ ಬಿತ್ತು. ಲೈನ್ ಜಡ್ಜ್ ಬಾವುಟ ಎತ್ತಿದಳು — ಔಟ್. ಪೀಪಿ ಒಪ್ಪಲಿಲ್ಲ. ಬೆರಳ ತುದಿ ಸವರಿ ತೋರಿಸಿದಳು: ಬ್ಲಾಕ್ ಮಾಡಿದವಳ ಕೈಗೆ ತಾಗಿಯೇ ಹೊರಗೆ ಹೋದದ್ದು. ಪಾಯಿಂಟ್ ಹೊಡೆದವಳಿಗೆ. ಹದಿನೈದು–ಹದಿಮೂರು. ಪಂದ್ಯ ಮುಗಿಯಿತು. ಸೋತ ತಂಡದ ಕೋಚ್ ಸ್ಟ್ಯಾಂಡಿನ ಬುಡಕ್ಕೆ ಓಡಿ ಬಂದು ಕೂಗಾಡುತ್ತಿದ್ದ. ನಮ್ಮ ಪೀಪಿ ಅಲುಗಲಿಲ್ಲ.

"ಇವ್ಳು ಮನೇಲಿ ಯಾವತ್ತೂ ಇಷ್ಟು ಹೊತ್ತು ಒಂದು ಕಡೆ ನಿಂತವಳಲ್ಲ" ಎಂದರು ನಮ್ಮನೆಯವರು.

ಫೆಬ್ರವರಿ 21, ಶುಕ್ರವಾರ. ಸಂಜೆ

ಪೀಪಿ ಅಂಗಡಿಗೇ ಬಂದಳು. ಸ್ಟೂಲಿನ ಮೇಲೆ ಕೂತು ಒಂದು ಕಾಗದ ಕೊಟ್ಟಳು.

ಸೋತ ತಂಡದ ದೂರು. ಕೊನೆಯ ಪಾಯಿಂಟ್ ಬೇಕೆಂದೇ ಕೊಟ್ಟದ್ದಂತೆ. ಗೆದ್ದ ಕ್ಲಬ್ಬಿನಲ್ಲಿ ಇವಳು ಹುಡುಗಿಯಾಗಿದ್ದಾಗ ಆಡಿದ್ದಳಂತೆ — ಆಡಿದ್ದಳು, ನಿಜ, ಇಪ್ಪತ್ತು ವರ್ಷದ ಹಿಂದೆ. ಲೈನ್ ಜಡ್ಜ್ ಔಟ್ ಎಂದರೂ ಕೇಳಲಿಲ್ಲವಂತೆ. ಮಾರ್ಚ್ ಎರಡಕ್ಕೆ ವಾಲಿಬಾಲ್ ಸಂಘದವರ ಮುಂದೆ ವಿಚಾರಣೆ. ಪಕ್ಷಪಾತ ಎಂದು ತೀರ್ಮಾನವಾದರೆ ರೆಫರಿ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಶಾಶ್ವತವಾಗಿ.

"ತಾಗಿತ್ತೇನೇ?" ಕೇಳಿದೆ.

"ತಾಗಿತ್ತು ಅಕ್ಕ. ನಾನು ನೋಡ್ದೆ."

"ಹಾಗಾದ್ರೆ ಹೆದರಿಕೆ ಯಾಕೆ? ರೆಕಾರ್ಡಿಂಗ್ ಇದೆ. ಬಾ, ಈಗ್ಲೇ ನೋಡೋಣ."

"ಬೇಡ." ಕಣ್ಣು ಕೆಂಪಾಗಿತ್ತು. "ನಾನು ನೋಡಲ್ಲ. ಒಂದ್ಸಲ ನೋಡಿದ್ರೆ, ಆಮೇಲೆ ನಾನು ಹೇಳೋದು ಅವತ್ತು ಕಂಡದ್ದಾ, ಟಿವೀಲಿ ಕಂಡದ್ದಾ ಅಂತ ನಂಗೇ ಗೊತ್ತಾಗಲ್ಲ. ನೀನು ತಂದು ಅವ್ರಿಗೆ ತೋರ್ಸು. ತಪ್ಪಿದ್ರೆ ತಪ್ಪು ಅಂತ್ಲೇ ತೋರ್ಸು."

ಹನ್ನೊಂದು ವರ್ಷ. ಜ್ವರದಲ್ಲೂ ಹೋಗಿದ್ದಾಳೆ. ಮದುವೆಯ ಮಾತುಕತೆಯ ದಿನವೂ ಪಂದ್ಯವಿದೆ ಎಂದು ಎದ್ದು ಹೋದವಳು. ಆ ಕೋಚ್ ಕೈಗೆ ಸಿಕ್ಕರೆ...

ಫೆಬ್ರವರಿ 22, ಶನಿವಾರ. ಮಧ್ಯಾಹ್ನ 1:30

ಅಂಗಡಿ ಅರ್ಧ ತೆರೆದೇ ಬಿಟ್ಟು ಬಂದಿದ್ದೇನೆ. ಆದರೂ ಬರೆಯುತ್ತೇನೆ.

ಹನ್ನೆರಡು ಗಂಟೆಗೆ ಒಂದು ಗಡಿಯಾರದ ಹಿಂಬದಿ ಬಿಚ್ಚುತ್ತಿದ್ದಾಗ ಹೊಳೆಯಿತು — ನೋಡಿದ್ದನ್ನು ಅಳಿಸಬೇಕು ಎಂದು ನಾನೇ ಮಾವನಿಗೆ ಹೇಳಿಕೊಟ್ಟಿದ್ದೇನೆ. ಫೈನಲ್ಲನ್ನು ಮಾವ ಮೂರು ಸಲ ನೋಡಿದ್ದಾರೆ. ಚಂದಾ ಇಲ್ಲದ ಪೆಟ್ಟಿಗೆಯಲ್ಲಿ ಯಾವುದಕ್ಕೂ ಹೆಸರಿಲ್ಲ. ಪಟ್ಟಿಯ ಉದ್ದಕ್ಕೂ ಚಾನೆಲ್ ನಂಬರು, ವಾರ, ಹೊತ್ತು, ಅಷ್ಟೇ. ಶಟರ್ ಅರ್ಧ ಎಳೆದು ಓಡಿದೆ. ಫೋನ್ ಮಾಡಬಹುದಿತ್ತು. ಹೊಳೆಯಲಿಲ್ಲ.

ಮಾವ ರಿಮೋಟ್ ಹಿಡಿದು ಕೂತಿದ್ದರು. ಪಟ್ಟಿಯಲ್ಲಿ ಒಂದೇ ಒಂದು ಸಾಲು: 4, ಭಾನುವಾರ 16, 3:50.

"ಇದ್ಯಾಕೆ ಮಾವ ಒಂದೇ ಇದೆ? ನಿಮ್ಮ ಪತ್ತೇದಾರಿ ಎಲ್ಲಿ?"

"ಅಳಿಸ್ದೆ."

"ನೋಡಿ ಆಯ್ತಾ?"

"ಎಲ್ಲಿ ನೋಡ್ಲಿ? ಜಾಗ ತುಂಬ್ತಾ ಬಂತು ಅಂತ ತೋರಿಸ್ತು. ತುಂಬಿದ್ರೆ ಹಳೇದನ್ನ ನುಂಗುತ್ತೆ ಅಂದಿದ್ಯಲ್ಲ. ಹಳೇದು ಇದೇ. ಇದ್ರಲ್ಲಿ ನಮ್ಮ ಹುಡುಗಿ ಇದ್ದಾಳೆ. ಅದಕ್ಕೇ ಉಳಿದದ್ದೆಲ್ಲ ತೆಗೆದುಬಿಟ್ಟೆ."

ಕೊಲೆಗಾರ ಯಾರೆಂದು ಗೊತ್ತಾಗುವ ವಾರವಂತೆ ಇದು. ಒಂದನ್ನೂ ನೋಡದೆ ಅಳಿಸಿದ್ದಾರೆ. ಅವರಿಗೆ ದೂರಿನ ವಿಷಯ ನಾವಿನ್ನೂ ಹೇಳಿಯೇ ಇರಲಿಲ್ಲ.

ಕಾಲಿಗೆ ಬೀಳೋಣ ಎನಿಸಿತು. ಬದಲು ಕಾಫಿ ಮಾಡಿಕೊಟ್ಟೆ. ಸಕ್ಕರೆ ಅವರ ಇಷ್ಟದಷ್ಟು, ಡಾಕ್ಟರು ಹೇಳಿದಷ್ಟಲ್ಲ.

ಅದೇ ದಿನ. ಸಂಜೆ 6

ಪೀಪಿ ನೋಡುವುದಿಲ್ಲ ಎಂದಳು. ನಾನು ನೋಡುವುದಿಲ್ಲ ಎಂದು ಎಲ್ಲಿ ಹೇಳಿದ್ದೆ?

ಆ ಪಾಯಿಂಟಿಗೆ ಬಂದು ನಿಲ್ಲಿಸಿದೆ. ಓಡಿಸಿದರೆ ಏನೂ ಗೊತ್ತಾಗುವುದಿಲ್ಲ, ಚೆಂಡು ಸುಂಯ್ ಎನ್ನುತ್ತದೆ. ಪಾಸ್ ಒತ್ತಿ ಬಲಗಡೆಯ ಬಾಣ ಒತ್ತಿದರೆ ಒಂದೊಂದೇ ಚಿತ್ರವಾಗಿ ಮುಂದೆ ಹೋಗುತ್ತದೆ. ಇದಕ್ಕೆ ಚಂದಾ ಬೇಡ. ನಲವತ್ತು ಸಲ ಹಿಂದೆ ಮುಂದೆ ಮಾಡಿದೆ. ಅಂಗಡಿಯ ಲೆನ್ಸ್ ಕಣ್ಣಿಗೆ ಸಿಕ್ಕಿಸಿಕೊಂಡು ಟಿವಿಗೆ ಮೂಗು ತಾಗಿಸಿ ನೋಡಿದೆ — ಕೆಂಪು, ಹಸಿರು, ನೀಲಿ ಚುಕ್ಕಿ, ಮತ್ತೇನಿಲ್ಲ. ಆಗಲೇ ನಮ್ಮನೆಯವರು ಒಳಗೆ ಬಂದು, "ಟಿವಿಯೊಳಗೆ ಹೋಗ್ಬಿಡ್ತೀಯಾ ಹೇಗೆ?" ಎಂದರು.

ದೂರ ಹೋಗಿ ಬಾಗಿಲ ಹತ್ತಿರ ನಿಂತೆ. ಚೆಂಡು ನೋಡುವುದನ್ನು ಬಿಟ್ಟೆ. ಕೈ ನೋಡಿದೆ. ಎತ್ತರದ ಹುಡುಗಿಯ ಬಲಗೈ. ಕಿರುಬೆರಳು.

ಒಂದು ಚಿತ್ರದಲ್ಲಿ ನೆಟ್ಟಗಿದೆ. ಮುಂದಿನದರಲ್ಲಿ ಹಿಂದಕ್ಕೆ ಬಾಗಿದೆ. ಅದರ ಮುಂದಿನದರಲ್ಲಿ ಮತ್ತೆ ನೆಟ್ಟಗೆ.

ಬೆರಳು ತಾನಾಗಿ ಹಾಗೆ ಹಿಂದಕ್ಕೆ ಬಾಗುವುದಿಲ್ಲ. ತಾಗಿದೆ! ತಾಗಿದೆ, ತಾಗಿದೆ, ತಾಗಿದೆ. ನನ್ನ ತಂಗಿ ಅಷ್ಟೆತ್ತರದಿಂದ, ಬರಿಗಣ್ಣಲ್ಲಿ, ಅರೆಗಳಿಗೆಯಲ್ಲಿ ಕಂಡದ್ದನ್ನು ನಾನು ಕಾಣಲು ಒಂದು ತಾಸು ಬೇಕಾಯಿತು. ಅಡುಗೆಮನೆಗೂ ಹಾಲಿಗೂ ನಾಲ್ಕು ಸಲ ಓಡಾಡಿದೆ. ಕಾಲು ನೆಲಕ್ಕೆ ತಾಗಲಿಲ್ಲ.

ಫೆಬ್ರವರಿ 23, ಭಾನುವಾರ

ಪೀಪಿ ಬಂದಳು. ನನ್ನ ಮುಖ ನೋಡಿದವಳೇ ಕೈ ಅಡ್ಡ ಹಿಡಿದಳು. "ಅಕ್ಕ, ಏನೂ ಹೇಳ್ಬೇಡ. ಆ ಕಡೆ ತಿರುಗು." ಗೋಡೆಗೆ ಮುಖ ಮಾಡಿಕೊಂಡು ಅವಳಿಗೆ ಊಟ ಬಡಿಸಿದೆ. ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡು ಅಭ್ಯಾಸವಿಲ್ಲ ನನಗೆ.

ಫೆಬ್ರವರಿ 25, ಮಂಗಳವಾರ. ಅಂಗಡಿ

ನಿನ್ನೆ ಟಿವಿಯ ಮುಂದೆ ಮೊಬೈಲ್ ಹಿಡಿದು ತೆಗೆದ ವಿಡಿಯೊವನ್ನು ಸಂಘದ ಕಾರ್ಯದರ್ಶಿಗೆ ಕಳಿಸಿದ್ದೆ. ಇವತ್ತು ಅವರ ಫೋನು. "ಮೊಬೈಲ್‌ದು ನಡೆಯಲ್ಲಮ್ಮ. ಯಾರ್ ಬೇಕಾದ್ರೂ ಎಡಿಟ್ ಮಾಡ್ತಾರೆ. ಒರಿಜಿನಲ್ ಕಾಪಿ ತನ್ನಿ."

ಕಾಪಿ ಹೊರಗೆ ತೆಗೆಯುವ ಬಟನ್ ಒತ್ತಿದರೆ ಅದೇ ನೀಲಿ ಪರದೆ. ಇದಕ್ಕೆ ಮಾತ್ರ ಬಾಣವೂ ಓಕೆಯೂ ಕೆಲಸ ಮಾಡುವುದಿಲ್ಲ. ಸೋತೆ. ನಾನಾಗಿಯೇ ಕಂಪನಿಗೆ ಫೋನ್ ಮಾಡಿದೆ. ಅದೇ ಹುಡುಗಿ ಸಿಕ್ಕಳು.

"ಚಂದಾ ಕಟ್ತೀನಮ್ಮ. ಈಗ್ಲೇ. ಏನ್ ಮಾಡ್ಬೇಕು ಹೇಳು."

ಖುಷಿಯಾಗುತ್ತಾಳೆ ಅಂದುಕೊಂಡಿದ್ದೆ. "ಯಾಕೆ ಮೇಡಂ, ಇದ್ದಕ್ಕಿದ್ದ ಹಾಗೆ?" ಎಂದಳು. ಹೇಳಿದೆ. ತಂಗಿ, ದೂರು, ಕಿರುಬೆರಳು, ಎಲ್ಲ.

ದನಿ ತಗ್ಗಿಸಿದಳು. "ಮೇಡಂ, ಕಟ್ಬೇಡಿ. ನಿಂತುಹೋದ ಬಾಕ್ಸಿಗೆ ಮತ್ತೆ ಸರ್ವೀಸ್ ಕೊಟ್ರೆ ಅದು ಮೊದ್ಲಿಂದ ಶುರುವಾಗುತ್ತೆ. ಒಳಗಿರೋದೆಲ್ಲ ಅಳಿಸಿಹೋಗುತ್ತೆ. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ."

ಎಲ್ಲ ಕಳೆದುಕೊಳ್ಳಲು ಒಂದು ಬಟನ್ನಿನ ದೂರದಲ್ಲಿದ್ದೆ. ಆ ಹುಡುಗಿಯ ಹೆಸರೂ ಗೊತ್ತಿಲ್ಲ ನನಗೆ. ಅವಳ ಹೊಟ್ಟೆ ತಣ್ಣಗಿರಲಿ.

ಕಾಪಿ ಬೇಡ. ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗುತ್ತೇನೆ.

ಮಾರ್ಚ್ 2, ಭಾನುವಾರ. ಮಧ್ಯಾಹ್ನ 3

ನಿಧಾನವಾಗಿ, ಒಂದೂ ಬಿಡದೆ ಬರೆಯುತ್ತೇನೆ.

ಅಂಗಡಿ ಮುಚ್ಚಿದೆ. ಭಾನುವಾರ! ನಮ್ಮನೆಯವರು ವ್ಯಾನ್ ತಂದರು. ಪೆಟ್ಟಿಗೆಗೆ ಕಂಬಳಿ ಸುತ್ತಿ ಮಾವನ ತೊಡೆಯ ಮೇಲಿಟ್ಟೆವು. ಉಬ್ಬು ಬಂದಾಗಲೆಲ್ಲ ಮಾವ ಅದನ್ನು ಮೇಲೆತ್ತಿ ಹಿಡಿಯುತ್ತಿದ್ದರು. ಟಿವಿಯನ್ನೂ ಒಯ್ದೆವು. ಹಳೆಯ ಪೆಟ್ಟಿಗೆ, ಅದರ ವೈರು ಬೇರೆ ಯಾವುದಕ್ಕೂ ಹೊಂದುವುದಿಲ್ಲ.

ಕ್ರೀಡಾಂಗಣದ ಆಫೀಸು. ಉದ್ದ ಮೇಜು. ಅಧ್ಯಕ್ಷರು, ಕಾರ್ಯದರ್ಶಿ, ಇನ್ನೊಬ್ಬರು. ಒಂದು ಕಡೆ ಸೋತ ತಂಡದ ಕೋಚ್, ಅವನ ಹಿಂದೆ ಎತ್ತರದ ಹುಡುಗಿ, ಸಾಕ್ಷಿಗೆಂದು ಕರೆದುಕೊಂಡು ಬಂದಿದ್ದ. ಪೀಪಿ ಟಿವಿಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿ ಕೂತಳು. ಏನು ಕಂಡೆ ಎಂದು ಕೇಳಿದರು. ನಾಲ್ಕು ವಾಕ್ಯದಲ್ಲಿ ಹೇಳಿದಳು. ಬಲಗೈ ಎಂದಳು. ಹೊರಗಿನ ಬೆರಳು ಎಂದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಪ್ಲಗ್ ಹಾಕಿ ಆನ್ ಮಾಡಿದೆ. ನೀಲಿ ಪರದೆ: "ನಿಮ್ಮ ಸೇವೆ ಸಕ್ರಿಯವಾಗಿಲ್ಲ."

ಕೋಚ್ ಜೋರಾಗಿ ನಕ್ಕ. "ಕೆಲಸಾನೇ ಮಾಡದ ಡಬ್ಬ ತಂದಿದ್ದಾರೆ ಸರ್. ಗಡಿಯಾರ ನೋಡಿ, ಹನ್ನೆರಡು ಹನ್ನೆರಡು ಅಂತ ಮಿಟುಕ್ತಾ ಇದೆ."

ಕೆಳಗಿನ ಬಾಣ, ಓಕೆ. ಕೆಳಗಿನ ಬಾಣ, ಓಕೆ. ಪಟ್ಟಿ ಬಂತು. ನಗು ನಿಂತಿತು.

"ಇದನ್ನ ಅವತ್ತೇ ಮಾಡಿದ್ದು, ಆಮೇಲೆ ಏನೂ ತಿದ್ದಿಲ್ಲ ಅಂತ ಹೇಗೆ ನಂಬೋದಮ್ಮ?" ಅಧ್ಯಕ್ಷರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಕಾದಿದ್ದೆ.

"ಇದಕ್ಕೆ ಚಂದಾ ಇಲ್ಲ ಸರ್. ಅದಕ್ಕೇ ನಂಬ್ಬೇಕು. ಚಂದಾ ಇಲ್ದಿದ್ರೆ ಒಳಗಿಂದು ಹೊರಗೆ ಬರಲ್ಲ, ಹೊರಗಿಂದು ಒಳಗೆ ಹೋಗಲ್ಲ. ರೆಕಾರ್ಡ್ ಮಾಡುತ್ತೆ, ತೋರ್ಸುತ್ತೆ, ಅಳ್ಸುತ್ತೆ. ಮೂರೇ ವಿದ್ಯೆ. ಬೇಕಾದ್ರೆ ಕಂಪನಿಯವ್ರನ್ನೇ ಕೇಳಿ, ಇದು ರೆಕಾರ್ಡೇ ಮಾಡಲ್ಲ ಅಂತಾರೆ!"

ಕಾರ್ಯದರ್ಶಿ ನಕ್ಕರು. ಆಮೇಲೆ ನೋಟ್‌ಬುಕ್ ತೆಗೆದೆ. ಪೆಟ್ಟಿಗೆ ವಾರಕ್ಕೆ ನಲವತ್ತೊಂದು ಸೆಕೆಂಡು ಹಿಂದೆ ಬೀಳುತ್ತದೆ. ಹತ್ತನೇ ತಾರೀಖು ಬೆಳಿಗ್ಗೆ ತಿದ್ದಿದ್ದೆ. ಹದಿನಾರನೇ ತಾರೀಖು ಮಧ್ಯಾಹ್ನಕ್ಕೆ ಮೂವತ್ತೇಳು ಸೆಕೆಂಡು ಹಿಂದೆ. ಅಂದರೆ ರೆಕಾರ್ಡಿಂಗ್ ಶುರುವಾದದ್ದು ಮೂರು ಐವತ್ತರ ಮೇಲೆ ಮೂವತ್ತೇಳು ಸೆಕೆಂಡಿಗೆ. ಅಲ್ಲಿಂದ ಎರಡು ಗಂಟೆ ಹನ್ನೊಂದು ನಿಮಿಷ ಇಪ್ಪತ್ಮೂರು ಸೆಕೆಂಡಿಗೆ ಐದನೇ ಸೆಟ್ ಶುರುವಿನ ಸೀಟಿ. "ಲೆಕ್ಕ ಹಾಕಿ ಸರ್. ಆರು ಗಂಟೆ ಎರಡು ನಿಮಿಷ. ನಿಮ್ಮ ಸ್ಕೋರ್‌ಶೀಟಿನಲ್ಲಿ ಎಷ್ಟಿದೆ?"

ಹಾಳೆ ಮಗುಚುವ ಸದ್ದು. "ಆರು ಎರಡು" ಎಂದರು ಕಾರ್ಯದರ್ಶಿ.

ಮಾವ ಹಿಂದಿನಿಂದ, "ಆಹಾ" ಎಂದರು. ಮೂವತ್ತು ವರ್ಷ ಬಸ್ಸಿನ ಟೈಮು ಬರೆದವರಿಗೆ ಇದಕ್ಕಿಂತ ಸುಖ ಇನ್ನೇನು?

ಆಮೇಲೆ ಆ ಪಾಯಿಂಟು. ಮೊದಲು ಓಡಿಸಿ ತೋರಿಸಿದೆ. ಯಾರಿಗೂ ಏನೂ ಕಾಣಲಿಲ್ಲ. "ಏನಿದೆ ಇದ್ರಲ್ಲಿ" ಎಂದ ಕೋಚ್. ಒಂದೊಂದೇ ಚಿತ್ರ ಮಾಡಿದೆ. "ಚೆಂಡು ಬಿಡಿ ಸರ್. ಬಲಗೈ ಕಿರುಬೆರಳು ನೋಡಿ."

ನೆಟ್ಟಗೆ. ಬಾಗಿತು. ನೆಟ್ಟಗೆ.

"ಇನ್ನೊಂದ್ಸಲ." ತೋರಿಸಿದೆ. "ಮತ್ತೊಂದ್ಸಲ." ಅಧ್ಯಕ್ಷರು ಎದ್ದು ಟಿವಿಯ ಹತ್ತಿರ ಬಂದರು. ನಾನು ಅವರನ್ನು ಬಾಗಿಲ ಬಳಿ ಹೋಗಿ ನಿಲ್ಲಲು ಹೇಳಿದೆ. ಹೋದರು. ನಿಂತರು. ತಲೆ ಆಡಿಸಿದರು.

ಕೋಚ್ ಅದು ನೆರಳು ಎಂದ. ಕ್ಯಾಮರಾ ಸರಿಯಿಲ್ಲ ಎಂದ. ಇನ್ನೂ ಏನೋ ಹೇಳುತ್ತಿದ್ದಾಗ ಅವನ ಹಿಂದೆ ಕುರ್ಚಿ ಸರಿದ ಸದ್ದು. ಎತ್ತರದ ಹುಡುಗಿ ಎದ್ದು ನಿಂತಿದ್ದಳು. ಕಿರುಬೆರಳಿಗೂ ಪಕ್ಕದ ಬೆರಳಿಗೂ ಸೇರಿಸಿ ಬಿಳಿ ಟೇಪು ಸುತ್ತಿತ್ತು.

"ತಾಗಿತ್ತು ಸರ್" ಎಂದಳು. "ಅವತ್ತೇ ಹೇಳ್ಬೇಕಾಗಿತ್ತು. ಎಲ್ರೂ ಅಳ್ತಾ ಇದ್ರು, ಹೇಳಕ್ಕಾಗ್ಲಿಲ್ಲ."

ಆಗ ಪೀಪಿ ಕಿಟಕಿಯಿಂದ ತಿರುಗಿದಳು. ಟಿವಿಯ ಕಡೆ ನೋಡಲಿಲ್ಲ.

"ಬೆರಳು ಹೇಗಿದೆ ಈಗ?" ಎಂದು ಆ ಹುಡುಗಿಯನ್ನು ಕೇಳಿದಳು.

ದೂರು ವಜಾ. ಬರವಣಿಗೆಯಲ್ಲಿ ಕೊಡುತ್ತಾರಂತೆ. ಅಷ್ಟೇ ಅಲ್ಲ, ಮುಂದಿನ ತಿಂಗಳು ದೊಡ್ಡ ಟೂರ್ನಮೆಂಟ್ ಇದೆ, ಅದಕ್ಕೂ ಇವಳೇ ಇರಲಿ ಎಂದರು ಅಧ್ಯಕ್ಷರು. ನನಗೆ ಅಳು ಬಂತು. ತಡೆಯಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ. ಹೊರಗೆ ಬಂದು ವ್ಯಾನಿನ ಪಕ್ಕದಲ್ಲಿ ಪೀಪಿಯನ್ನು ತಬ್ಬಿಕೊಂಡು ಮಗುವಿನಂತೆ ಅತ್ತುಬಿಟ್ಟೆ. ಅವಳು ನನ್ನ ಬೆನ್ನು ತಟ್ಟಿ ಸಮಾಧಾನ ಮಾಡುತ್ತಿದ್ದಳು. ಯಾರ ವಿಚಾರಣೆ ಯಾರಿಗೆ ಸಮಾಧಾನ!

ಮಾರ್ಚ್ 3, ಸೋಮವಾರ

ಪೆಟ್ಟಿಗೆ ವಾಪಸ್ ಅದರ ಜಾಗಕ್ಕೆ. ಟೈಮು ಹಾಕಿದೆ.

ಕಂಪನಿಯ ಹುಡುಗಿಯ ಫೋನು. "ಏನಾಯ್ತು ಮೇಡಂ?" ಹೇಳಿದೆ. ಆ ಕಡೆ ಒಂದು ಸಣ್ಣ ಕಿರುಚು ಕೇಳಿಸಿತು, ತಕ್ಷಣ ಯಾರೋ ಗದರಿದ್ದೂ ಕೇಳಿಸಿತು. "ಮೇಡಂ, ಕಾಲ್ ಮಾಡಿದ ಮೇಲೆ ಆಫರ್ ಓದ್ಲೇಬೇಕು, ರೂಲ್ಸು" ಎಂದಳು ಪಾಪ.

"ಓದಮ್ಮ. ಇವತ್ತು ಪೂರ್ತಿ ಕೇಳ್ತೀನಿ."

ಕೇಳಿದೆ. ಕೊನೆಯಲ್ಲಿ ಬೇಡ ಎಂದೆ. ಇಬ್ಬರೂ ನಕ್ಕೆವು.

ಮಾರ್ಚ್ 9, ಭಾನುವಾರ. ಸಂಜೆ 7

ಪೀಪಿ ಬಂದಿದ್ದಾಳೆ. ತೀರ್ಪಿನ ಕಾಗದ ತಂದಿದ್ದಳು, ಮಾವ ಮೂರು ಸಲ ಗಟ್ಟಿಯಾಗಿ ಓದಿದರು. ಆಮೇಲೆ ಅವಳೇ, "ಈಗ ಹಾಕಕ್ಕ. ಮೊದ್ಲಿಂದ. ಇನ್ನು ನೋಡ್ಬಹುದು" ಎಂದಳು.

ಎಲ್ಲರೂ ಕೂತೆವು. ತನ್ನ ನಿಲುವು ನೋಡಿ ತಾನೇ ನಕ್ಕಳು. "ಅಯ್ಯೋ, ಕತ್ತು ಯಾಕೆ ಹಾಗೆ ಚಾಚ್ತೀನಿ ನಾನು!" ಮೊದಲ ಸೆಟ್ ಮುಗಿಯಿತು. ಎರಡನೆಯದು. ಇಪ್ಪತ್ತೊಂದು–ಇಪ್ಪತ್ತು. ಇದ್ದಕ್ಕಿದ್ದ ಹಾಗೆ ನೆಟ್ಟಗೆ ಕೂತಳು.

"ನಿಲ್ಸು. ಹಿಂದೆ ಹೋಗು. ಆ ಬಾಣ ಒತ್ತು, ಒಂದೊಂದೇ."

ಸೋತ ತಂಡದವರು ಹೊಡೆದ ಚೆಂಡು. ಇವಳು ಔಟ್ ಕೊಟ್ಟಿದ್ದಾಳೆ. ಚಿತ್ರದಲ್ಲಿ ಚೆಂಡಿನ ಅಂಚು ಗೆರೆಯ ಮೇಲಿದೆ. ಸ್ಪಷ್ಟವಾಗಿ ಇದೆ. ಆ ಸೆಟ್ ಅವರು ಎರಡೇ ಪಾಯಿಂಟಿನಲ್ಲಿ ಸೋತದ್ದು.

"ಇದು ತಪ್ಪು ಅಕ್ಕ. ನಾನು ಕೊಟ್ಟದ್ದು ತಪ್ಪು."

"ಆಯ್ತು ಬಿಡೇ. ಎಲ್ಲ ಮುಗಿದಿದೆ. ಇದನ್ನ ಯಾರೂ ಕೇಳೇ ಇಲ್ವಲ್ಲ!"

"ನಾನು ಕೇಳ್ದೆನಲ್ಲ."

ಸಂಘಕ್ಕೆ ಬರೆಯುತ್ತಾಳಂತೆ. ಇದನ್ನು ಕೂಡ ದಾಖಲೆಗೆ ಸೇರಿಸಿ ಎಂದು. ತೀರ್ಪಿನ ಕಾಗದದ ಮಡಿಕೆ ಇನ್ನೂ ಸರಿಯಾಗಿ ಬಿಚ್ಚಿಲ್ಲ! ರಿಮೋಟನ್ನು ಅವಳ ತಲೆಯ ಮೇಲೆ ಕುಕ್ಕಬೇಕೆನಿಸಿತು. ಎಷ್ಟು ಒದ್ದಾಡಿದ್ದೇನೆ ನಾನು. ಎದ್ದು ಇಲ್ಲಿಗೆ ಬಂದು ಕೂತು ಕೋಪದಲ್ಲಿ ಬರೆಯತೊಡಗಿದೆ. ಬರೆಯುತ್ತಾ ಬರೆಯುತ್ತಾ ಕೋಪ ಎಲ್ಲಿ ಹೋಯಿತೋ, ಎದೆ ತುಂಬಿ ಬರುತ್ತಿದೆ. ಇವಳು ನನ್ನ ತಂಗಿ. ಮೇಜಿನ ಸುತ್ತ ಕೂತವರಿಗೆ ಬೆರಳು ತೋರಿಸಿ ಗೆದ್ದಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ಬಿಳಿ ಹಾಳೆ ಕೇಳಿದಳು. ಕೊಟ್ಟೆ. ಈಗ ಪೆನ್ನಂತೆ. ಸದ್ಯಕ್ಕೆ ಬರೆಯುವ ಪೆನ್ನು ಮನೆಯಲ್ಲಿ ಇದೊಂದೇ, ಕೈ ಚಾಚಿಕೊಂಡು ನಿಂತಿದ್ದಾಳೆ, ಒಂದು ಸಾಲು ಮುಗಿಸಿ ಕೊಡ್ತೀನಿ ಇರೇ ಅಂದರೆ ಕೇಳ—